ಠಾಣೆಯ ರೈಟರ್ ಬರೆಯುವ ಕಥೆ

ದಲಿತ ವಿಮರ್ಶೆಗೆಂದೇ ಮೀಸಲಾದ ಸಂಚಿಕೆಯಲ್ಲಿ ಪೊಲೀಸ್ ದೂರಿನ ಬಗ್ಗೆ ಬರೆಯೋದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಆದರೆ ಪೆಟ್ಟು ತಿಂದ ದಲಿತನ ಕಥೆಯನ್ನು ಮೊದಲು ಬರೆಯುವವನು ಠಾಣೆಯಲ್ಲಿ ಕೂತ ರೈಟರ್. ನಮ್ಮ ಕವಿ, ಕಥೆಗಾರರೆಲ್ಲ ಆಮೇಲೆ ಬರುತ್ತಾರೆ. ರೈಟರ್ ಯಾವ ಪದ ಹಾಕಿದ, ಯಾವುದನ್ನು ಬಿಟ್ಟ ಅನ್ನೋದರ ಮೇಲೆ ಮುಂದಿನ ತನಿಖೆ, ಪರಿಹಾರ, ಜಾಮೀನು, ತೀರ್ಪು ಎಲ್ಲ ನಿಂತಿರುತ್ತವೆ. ಕೃತಿಗಳಲ್ಲಿ ಜಾತಿ ಎಲ್ಲಿ ಅಡಗಿದೆ ಅಂತ ಹುಡುಕುವ ನಾವು ಈ ಬರಹವನ್ನೂ ಓದಲು ಕಲಿಯಬೇಕು.

ದೌರ್ಜನ್ಯ ಹಳ್ಳಿಯದು, ಮೈಸೂರಿನಂಥ ನಗರದಲ್ಲಿ ಅದೆಲ್ಲಿದೆ ಅಂತ ಕೇಳುವವರಿದ್ದಾರೆ. 1973ರ ನವೆಂಬರಿನಲ್ಲಿ ಇದೇ ಮೈಸೂರಿನ ಸಭೆಯೊಂದರಲ್ಲಿ, ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಅದೊಂದು ವಿಮರ್ಶೆಯ ಮಾತು. ಅದಕ್ಕೆ ಪೆಟ್ಟು ತಿಂದವರು ಓದಲು ಬಂದಿದ್ದ ದಲಿತ ಹುಡುಗರು. ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟುವುದಕ್ಕೆ ಈ ಪ್ರಕರಣವೂ ಒಂದು ಕಾರಣವಾಯಿತು. ಅವತ್ತು ಬೀದಿಗಿಳಿದವರು ಕಾಲೇಜು ಮೆಟ್ಟಿಲು ಹತ್ತಿದವರು ಅನ್ನೋದನ್ನು ಮರೆಯಬಾರದು.

ಈಗ ಹೀಗೊಂದು ಪ್ರಸಂಗ ಊಹಿಸಿಕೊಳ್ಳಿ. ಮೈಸೂರಿನ ಯಾವುದೋ ಬಡಾವಣೆ. ಬೈಕಿಗೆ ಅಂಬೇಡ್ಕರ್ ಚಿತ್ರ ಅಂಟಿಸಿಕೊಂಡ ಹುಡುಗ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸುತ್ತಾನೆ. ಅವನನ್ನು ಬಲ್ಲ ಅದೇ ಬೀದಿಯ ನಾಲ್ಕು ಜನ ಜಾತಿ ಹಿಡಿದು ಬೈದು, ಹೊಡೆದು ಕಳಿಸುತ್ತಾರೆ. ರೈಟರ್ ಬರೆಯುತ್ತಾನೆ: 'ಬೈಕ್ ನಿಲ್ಲಿಸುವ ವಿಚಾರವಾಗಿ ಗಲಾಟೆ ನಡೆದು, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದಿರುತ್ತಾರೆ.' ಇದರಲ್ಲಿ ಪೂರ್ತಿ ಸುಳ್ಳು ಅನ್ನುವಂಥದ್ದು ಏನೂ ಇಲ್ಲ. ಆದರೆ 'ಗಲಾಟೆ' ಅಂದ ಕೂಡಲೇ ಹೊಡೆದವರೂ ಹೊಡೆಸಿಕೊಂಡವನೂ ಸಮ ಆಗಿಬಿಟ್ಟರು. 'ಅವಾಚ್ಯ' ಅಂದಾಗ ಜಾತಿಯ ಹೆಸರು ಮಾಯವಾಯಿತು. ಅವರಿಗೆ ಹುಡುಗನ ಪರಿಚಯವಿತ್ತು ಅನ್ನೋದು ಬರಲಿಲ್ಲ. ನೋಡಿದವರ ಹೆಸರೂ ಬರಲಿಲ್ಲ.

ಈ ನಾಲ್ಕು ಬಿಟ್ಟುಹೋದರೆ 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಜಾತಿಯ ಹೆಸರು ಹಿಡಿದು ಬೈದರೆ ಅಪರಾಧ. ಹಾಗಾಗಿ ಬೈದ ಮಾತು ಬೈದ ಹಾಗೇ ದೂರಿನಲ್ಲಿರಬೇಕು. ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯೊಳಗಿನ ಬೈಗುಳಕ್ಕೆ ಈ ಕಲಮು ಅನ್ವಯಿಸದು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಜಾಗ ಮತ್ತು ನೋಡಿದವರ ಹೆಸರು ಬೇಕೇ ಬೇಕು. ಇನ್ನು ಪರಿಚಯ. ಆರೋಪಿಗೆ ಸಂತ್ರಸ್ತನ ಅಥವಾ ಅವನ ಕುಟುಂಬದ ಪರಿಚಯವಿದ್ದರೆ, ಜಾತಿಯೂ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸಬೇಕು. ಗೊತ್ತಿರಲಿಲ್ಲ ಅಂತ ತೋರಿಸುವ ಹೊರೆ ಆರೋಪಿಯದು. ಇದು 2015ರ ತಿದ್ದುಪಡಿಯಿಂದ ಬಂದದ್ದು.

ಕಷ್ಟ ಇರುವುದು ಇಲ್ಲೇ. ತನ್ನನ್ನು ಬೈದ ಮಾತನ್ನು ಹತ್ತು ಜನ ಪೊಲೀಸರ ಮುಂದೆ ಮತ್ತೆ ಬಾಯಿಂದ ಆಡಬೇಕಲ್ಲ, ಹುಡುಗನಿಗೆ ಗಂಟಲು ಕಟ್ಟುತ್ತದೆ. 'ಹೇಳು ತಮ್ಮಾ, ನಾವಿದ್ದೀವಿ' ಅನ್ನುವವರು ಪಕ್ಕದಲ್ಲಿ ಬೇಕು. ಸಂಘಟನೆ, ಸಾಮಾಜಿಕ ಕಾರ್ಯಕರ್ತರು, ವಕೀಲರ ನೆರವು ಪಡೆಯೋದು ಸಂತ್ರಸ್ತರ ಹಕ್ಕು ಅಂತ ಕಾಯ್ದೆಯ 15ಎ ಕಲಮು ಹೇಳುತ್ತದೆ. 'ನೀವ್ಯಾರ್ರೀ ಮಧ್ಯೆ?' ಅಂತ ಕೇಳಿದರೆ ಆ ಕಲಮು ತೋರಿಸಿ. ಬಾಯಿಮಾತಿನ ದೂರನ್ನು ಬರೆದ ಮೇಲೆ, ಸಹಿಗೆ ಮೊದಲು ಓದಿ ಹೇಳಬೇಕು, ಪ್ರತಿ ಕೊಡಬೇಕು ಅಂತ 4ನೇ ಕಲಮು ಅಧಿಕಾರಿಗೆ ವಿಧಿಸಿದೆ. 'ವಿಚಾರಿಸಿ ನೋಡ್ತೀವಿ, ನಾಳೆ ಬನ್ನಿ' ಅನ್ನುವ ಹಾಗಿಲ್ಲ. ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು 2018ರಲ್ಲಿ ಸೇರಿಸಿದ 18ಎ ಕಲಮು ಹೇಳುತ್ತದೆ. ಅದನ್ನು ಸುಪ್ರೀಂ ಕೋರ್ಟು 2020ರಲ್ಲಿ ಎತ್ತಿಹಿಡಿದಿದೆ.

ದಾಖಲಿಸುವ ಕೈ ಎಷ್ಟು ದೊಡ್ಡದು ಅನ್ನೋದಕ್ಕೆ ಹೊರದೇಶದ ಒಂದು ಉದಾಹರಣೆ. 1993ರ ಮಾರ್ಚ್ 25ರಂದು ನಮ್ಮ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ದೇವಸ್ಥಾನ ಪ್ರವೇಶದ ಹಗೆಯಲ್ಲಿ ಮೂವರು ದಲಿತರ ಕೊಲೆಯಾಯಿತು. ತಿಂಗಳು ತುಂಬುವ ಮೊದಲೇ, ಏಪ್ರಿಲ್ 22ರಂದು, ಲಂಡನ್ನಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಬಿಳಿಯ ಹುಡುಗರು ಇರಿದು ಕೊಂದರು. ಅಲ್ಲಿನ ಪೊಲೀಸರು ತನಿಖೆ ಕೆಡಿಸಿದ್ದರ ಬಗ್ಗೆ 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿ ಒಂದು ಮುಖ್ಯ ಮಾತು ಹೇಳಿತು: ಘಟನೆ ಜನಾಂಗದ್ವೇಷದ್ದು ಅಂತ ಸಂತ್ರಸ್ತರಿಗಾಗಲಿ ಬೇರೆ ಯಾರಿಗೇ ಆಗಲಿ ಅನ್ನಿಸಿದರೆ, ಪೊಲೀಸರು ಅದನ್ನು ಹಾಗೆಂದೇ ದಾಖಲಿಸಬೇಕು. ಸಾಬೀತು ಮಾಡೋದು ಆಮೇಲಿನ ಕೆಲಸ. ನಮ್ಮ ಠಾಣೆಗಳಲ್ಲೂ ನಾವು ಕೇಳಬೇಕಾದ್ದು ಇಷ್ಟೇ.

ದೂರು ದಾಖಲಾದ ಮೇಲೆ ಒಂಟಿ ಮಾಡುವ ಕೆಲಸ ಶುರುವಾಗುತ್ತದೆ. ಪ್ರತಿದೂರು ಹಾಕಿಸುತ್ತಾರೆ. ಬಾಡಿಗೆ ಮನೆ ಖಾಲಿ ಮಾಡಿ ಅಂತಾರೆ. ಹಿರಿಯರು ಬಂದು 'ರಾಜಿ ಆಗಿಬಿಡಪ್ಪ' ಅಂತಾರೆ. ಪರಿಹಾರ ಏಳು ದಿನದೊಳಗೆ ಕೈಸೇರಬೇಕು ಅಂತ ನಿಯಮವಿದೆ. 2016ರ ನಿಯಮದ ಪ್ರಕಾರ ಜಾತಿ ಹಿಡಿದು ಅವಮಾನಿಸಿದ ಕೇಸಿಗೆ 1 ಲಕ್ಷ ರೂಪಾಯಿ: ಎಫ್‌ಐಆರ್ ಆದಾಗ ಕಾಲು ಭಾಗ, ಆರೋಪಪಟ್ಟಿ ಕೋರ್ಟಿಗೆ ಹೋದಾಗ ಅರ್ಧ, ಶಿಕ್ಷೆಯಾದಾಗ ಉಳಿದ ಕಾಲು. ಡಿ.ಸಿ. ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಆ ಸಭೆಯಲ್ಲಿ ಈ ಹುಡುಗನ ಕೇಸಿನ ಹೆಸರು ಬಂತೇ ಅಂತ ವಿಚಾರಿಸುವವರು ಯಾರಾದರೂ ಇರಬೇಕು.

ಆಮೇಲೆ ಕೋರ್ಟು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆರೋಪಪಟ್ಟಿ ಸಲ್ಲಿಸಿದ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಲು ಯತ್ನಿಸಬೇಕು ಅನ್ನುತ್ತದೆ ಕಾಯ್ದೆ. ಮರಕುಂಬಿಯವರು ಹತ್ತು ವರ್ಷ ಕಾದರು. ಕೂಲಿ ಬಿಟ್ಟು, ಬೆದರಿಕೆ ತಡೆದು ಅಷ್ಟು ವರ್ಷ ಮಾತಿಗೆ ನಿಲ್ಲೋದು ಒಬ್ಬನಿಂದ ಆಗುವ ಕೆಲಸವೇ?

ಘಟನೆ ನಡೆದ ದಿನ ಪುರಭವನದ ಮುಂದೆ ಘೋಷಣೆ ಕೂಗಲು ನಾವು ಬರುತ್ತೇವೆ. ಮೂರನೇ ವರ್ಷದ ಹದಿನಾಲ್ಕನೇ ವಾಯಿದೆಗೆ ಯಾರು ಬರುತ್ತಾರೆ? ಮಾನಸಗಂಗೋತ್ರಿಯಲ್ಲಿ, ಹಾಸ್ಟೆಲುಗಳಲ್ಲಿ, ಅಶೋಕಪುರದಲ್ಲಿ ಓದುಬರಹ ಬಲ್ಲ ಹುಡುಗ ಹುಡುಗಿಯರಿಗೆ ಕಡಿಮೆಯಿಲ್ಲ. ನಾಲ್ಕು ಜನ ಸೇರಿದರೆ ಸಾಕು. ಒಬ್ಬರು ಠಾಣೆಗೆ, ಒಬ್ಬರು ಗಾಯದ ಸರ್ಟಿಫಿಕೇಟಿಗೆ ದೊಡ್ಡಾಸ್ಪತ್ರೆಗೆ, ಒಬ್ಬರು ಡಿ.ಸಿ. ಆಫೀಸಿಗೆ, ಒಬ್ಬರು ಕೋರ್ಟಿಗೆ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಅದರಲ್ಲಿ ವಾಯಿದೆಯ ತಾರೀಖು, ಯಾರು ಏನಂದರು ಅನ್ನೋದು ಬರೆಯುತ್ತಾ ಹೋಗಿ. ಮೊದಲ ಪುಟದಲ್ಲಿ, ಹುಡುಗ ಹೇಳಿದ್ದು ಅವನು ಹೇಳಿದ ಹಾಗೇ ಇರಲಿ.