ಗ್ರಾಮೋಫೋನ್ ಮುದ್ರಿಕೆಗಳ ಕ್ರಯವಿಕ್ರಯದಲ್ಲಿ ಪಾಠನಿರ್ಣಯ

ಕಲಬುರಗಿಯ ಶಹಾಬಜಾರದ ಮಿತ್ರರೊಬ್ಬರು ತಮ್ಮ ಮನೆಯಲ್ಲಿದ್ದ ಹಳೆಯ ಗ್ರಾಮೋಫೋನ್ ತಟ್ಟೆಗಳನ್ನು ಮಾರಬೇಕೆಂದೆಣಿಸಿ, ಅವುಗಳ ಬೆಲೆಯನ್ನು ತಿಳಿಯುವ ಬಗೆ ಹೇಗೆಂದು ನನ್ನನ್ನು ಕೇಳಿದರು. ಓಲೆಗರಿಗಳ ಪಾಠಗಳಲ್ಲಿಯೇ ಕಾಲವನ್ನು ಕಳೆದ ನನಗೆ ಈ ವಿಷಯವು ಹೊಸದು. ಆದರೆ ವಿಚಾರಿಸಿ ನೋಡಲಾಗಿ, ಇಲ್ಲಿಯೂ ಪಾಠನಿರ್ಣಯವಾದ ಮೇಲೆಯೇ ಮೌಲ್ಯನಿರ್ಣಯವೆಂಬುದು ಸ್ಪಷ್ಟವಾಯಿತು.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು ಅರಗಿನಿಂದಾದುವು, ಬಿದ್ದರೆ ಒಡೆಯತಕ್ಕವು. ವಿನೈಲಿನ ದೀರ್ಘಮುದ್ರಿಕೆಯು ಅಮೆರಿಕೆಯಲ್ಲಿ 1948ರಲ್ಲಿ ಹೊರಟಿತು. ಎರಡರಲ್ಲಿಯೂ ಸಾಮಾನ್ಯವಾಗಿ ಎರಡು ಗುರುತುಗಳಿರುವುವು. ನಡುವಣ ಚೀಟಿಯಲ್ಲಿ ಅಚ್ಚಾದ ಮಾರಾಟದ ಸಂಖ್ಯೆಯೊಂದು; ಚೀಟಿಯ ಬಳಿ ತಟ್ಟೆಯಲ್ಲಿಯೇ ಮೂಡಿದ ಅಚ್ಚಿನ ಸಂಖ್ಯೆಯೊಂದು. ಮೊದಲನೆಯದು ಗ್ರಂಥದ ಹೊದಿಕೆಯಂತೆ ಮರುಮುದ್ರಣದಲ್ಲಿ ಬದಲಾಗಬಹುದು. ಎರಡನೆಯದು ಪುಷ್ಪಿಕೆಯಂತೆ ಮೂಲವನ್ನು ಸೂಚಿಸುವುದು.

ಕೆವಿನ್ ಲೆವಂಡೊವ್‌ಸ್ಕಿ ಎಂಬವರು 2000ದಲ್ಲಿ ಅಮೆರಿಕೆಯಲ್ಲಿ ಆರಂಭಿಸಿದ ಡಿಸ್ಕಾಗ್ಸ್ ಎಂಬ ಅಂತರ್ಜಾಲದ ಸೂಚಿಯು ಈ ಭೇದಗಳನ್ನೇ ಆಧಾರವಾಗಿ ಮಾಡಿಕೊಂಡಿದೆ. ಸಂಗ್ರಾಹಕರೇ ವಿವರಗಳನ್ನು ಬರೆಯುವರು. ಒಂದೇ ಕೃತಿಯ ಬೇರೆ ಬೇರೆ ಮುದ್ರಣಗಳಿಗೆ ಬೇರೆ ಬೇರೆ ಪುಟಗಳುಂಟು. ಮಾರುವವನು ತನ್ನಲ್ಲಿರುವ ಪ್ರತಿಯನ್ನು ತಕ್ಕ ಪುಟಕ್ಕೆ ಸೇರಿಸಿ, ತಟ್ಟೆ ಮತ್ತು ಹೊದಿಕೆಗಳ ಸ್ಥಿತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಹಿಂದಿನ ಮಾರಾಟಗಳಲ್ಲಿ ಬಂದ ಬೆಲೆಗಳೂ ಅಲ್ಲಿ ಕಾಣುವುವು. ಪುಟವು ತಪ್ಪಿದರೆ ಬೆಲೆಯೂ ತಪ್ಪುವುದು.

ಹಾಡು ಕೇಳಿದರೆ ಸಾಲದೆ, ಗುರುತುಗಳ ಗೊಡವೆ ಏತಕ್ಕೆಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ನಮ್ಮ ನಾಡಿನ ಉದಾಹರಣೆಯೇ ಸಮಾಧಾನವನ್ನು ಹೇಳುವುದು. ಗಂಗೂಬಾಯಿ ಹಾನಗಲ್ಲರ (1913–2009) ಆರಂಭದ ಮುದ್ರಿಕೆಗಳು ಗಾಂಧಾರಿ ಎಂಬ ಹೆಸರಿನಿಂದ ಹೊರಟುವು. ಅವುಗಳಲ್ಲಿರುವುದು ಎಳೆಯ, ಏರಿದ ಕಂಠ. ಗಂಟಲಿನ ಚಿಕಿತ್ಸೆಯಾದ ಮೇಲೆ ಲೋಕಪ್ರಸಿದ್ಧವಾದ ಗಂಭೀರ ಕಂಠವು ಬೇರೆ. ಹೆಸರಿನ ಐಕ್ಯವನ್ನರಿಯದವನು ಆ ತಟ್ಟೆಯನ್ನು ಯಾರೋ ಅಪರಿಚಿತ ಗಾಯಕಿಯದೆಂದು ಮಾರಿಬಿಡುವನು. ಕಂಠವನ್ನು ಕೇಳಿದರೂ ಸಂಶಯವು ತೀರಲಾರದು. ಹಾಗಾದರೆ ಆತನಿಗೆ ಹಣವು ನಷ್ಟ, ಸಂಗೀತದ ಚರಿತ್ರೆಗೆ ಸಾಕ್ಷ್ಯವೇ ನಷ್ಟ. ಚೀಟಿಯ ಹೆಸರನ್ನು ಇದ್ದಂತೆಯೇ ಬರೆದು, ಅದನ್ನು ಕಲಾವಿದರ ಪ್ರಸಿದ್ಧ ನಾಮಕ್ಕೆ ಜೋಡಿಸುವ ಏರ್ಪಾಡು ಆ ಸೂಚಿಯಲ್ಲಿರುವುದು ಶ್ಲಾಘ್ಯವಾಗಿದೆ. ನಾವು ಪಾಠಾಂತರವನ್ನು ಅಡಿಯಲ್ಲಿ ಕಾಣಿಸುವ ಕ್ರಮವೂ ಇದೇ ಅಲ್ಲವೆ?

ಆದರೆ ಕನ್ನಡದ ಚೀಟಿಗಳನ್ನು ಓದಲಾರದವರು ಇಂಥ ವಿವರಗಳನ್ನು ಬರೆದರೆ ಊರು, ರಾಗ, ವ್ಯಕ್ತಿನಾಮಗಳು ಒಂದರಲ್ಲೊಂದು ಕಲಸಿಹೋಗುವುವು. ಆದುದರಿಂದ ಈ ಕಾರ್ಯವು ಭಾಷಾಭ್ಯಾಸಿಗಳಾದ ನಮ್ಮದೂ ಅಹುದು. ಮಿತ್ರರಿಗೆ ನಾನು ಹೇಳಿದುದಿಷ್ಟೆ: ಮಾರಾಟಕ್ಕೆ ಮೊದಲು ಪ್ರತಿಯೊಂದು ತಟ್ಟೆಯ ಎರಡು ಸಂಖ್ಯೆಗಳನ್ನೂ, ಚೀಟಿಯ ಅಕ್ಷರಗಳನ್ನೂ, ಒಡಕು ಗೀರುಗಳನ್ನೂ ಯಥಾವತ್ತಾಗಿ ಬರೆದಿಡಿರಿ. ತಟ್ಟೆಯು ಪರದೇಶಕ್ಕೆ ಹೋದರೂ ಆ ಪಟ್ಟಿಯಾದರೂ ಇಲ್ಲಿ ಉಳಿಯುವುದು.