ಕೂಸಿನ ಕೋಣೆಗೆ ಹಳೆಯ ಮರ: ಹೊಳಪಿನ ಜತೆಗೆ ಹೊಣೆ

‘ಕೂಸು ಹುಟ್ಟುವ ಮುನ್ನ ಕುಲಾವಿ’ ಎಂಬ ಗಾದೆಯನ್ನು ಆತುರಗಾರರನ್ನು ಎಚ್ಚರಿಸಲು ಹಿರಿಯರು ಬಳಸುತ್ತ ಬಂದಿದ್ದಾರೆ. ಹೆರಿಗೆಗೆ ಮೊದಲು ತೊಟ್ಟಿಲು ಸಿದ್ಧಪಡಿಸಬಾರದೆಂಬ ನಂಬಿಕೆ ಇಂದಿಗೂ ಅನೇಕ ಮನೆಗಳಲ್ಲಿದೆ. ಈ ನಂಬಿಕೆಯ ಪರಿಣಾಮ ವ್ಯಾಪಾರದ ಮೇಲೂ ಆಗುತ್ತದೆ. ಕೂಸು ಹುಟ್ಟಿದ ಸುದ್ದಿ ಬಂದ ನಂತರವೇ ಅಟ್ಟದ ಮೇಲಿನ ಅಜ್ಜಿಯ ಕಾಲದ ತೊಟ್ಟಿಲು ಕೆಳಗಿಳಿಯುತ್ತದೆ. ನಾಮಕರಣಕ್ಕೆ ಕೆಲವೇ ದಿನಗಳು ಉಳಿದಿರುತ್ತವೆ. ಬಣ್ಣದ ಅಂಗಡಿಗೂ ಬಡಗಿಗೂ ಒಂದೇ ದಿನ ಕರೆ ಹೋಗುತ್ತದೆ. ‘ಬೇಗ ಉಜ್ಜಿ, ಬೇಗ ಬಳಿದು, ಬೇಗ ಕೊಡಿ’ ಎಂಬುದೇ ಗ್ರಾಹಕರ ಬೇಡಿಕೆ.

ತೇಗ, ಬೀಟೆ, ಹಲಸಿನ ಮರದ ಹಳೆಯ ಪೀಠೋಪಕರಣಗಳಿಗೆ ಮರುಹೊಳಪು ನೀಡಿ ಮಕ್ಕಳ ಕೋಣೆಗೆ ಅಣಿಗೊಳಿಸುವುದು ಅಲ್ಪ ಬಂಡವಾಳದ ಒಳ್ಳೆಯ ಉದ್ಯಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಆತುರದಲ್ಲಿ ಎರಡು ಸಂಗತಿಗಳು ಮರೆತುಹೋಗುತ್ತವೆ. ಹಳೆಯ ಬಣ್ಣದ ಪದರದಲ್ಲಿ ಏನಿದೆ ಎಂಬುದು ಮೊದಲನೆಯದು. ಆ ಕೆಲಸದ ಲೆಕ್ಕ ಮತ್ತು ಕಾನೂನಿನ ಹೊಣೆ ಯಾರದೆಂಬುದು ಎರಡನೆಯದು. ಮೊದಲನೆಯದು ಮಗುವಿನ ಆರೋಗ್ಯಕ್ಕೆ ಸಂಬಂಧಿಸಿದ್ದು, ಎರಡನೆಯದು ವ್ಯಾಪಾರಿಯ ಉಳಿವಿಗೆ.

ಹಳೆಯ ಬಣ್ಣದಲ್ಲಿ ಅಡಗಿರುವ ಸೀಸ

ಎನಾಮೆಲ್ ಬಣ್ಣಗಳಿಗೆ ಕಡು ಹಳದಿ, ಕಿತ್ತಳೆ, ಹಸಿರು ಛಾಯೆಗಳನ್ನು ಕೊಡಲು ಸೀಸದ ಕ್ರೋಮೇಟ್ ಬಹುಕಾಲ ಬಳಕೆಯಲ್ಲಿತ್ತು. ಬಣ್ಣ ಬೇಗ ಒಣಗಲೆಂದೂ ಸೀಸದ ಸಂಯುಕ್ತಗಳನ್ನು ಬೆರೆಸುವ ಪದ್ಧತಿಯಿತ್ತು. ಮಗುವಿನ ದೇಹ ವಯಸ್ಕರ ದೇಹಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಸೀಸವನ್ನು ಹೀರಿಕೊಳ್ಳುತ್ತದೆ. ಅದರ ಪೆಟ್ಟು ಬೀಳುವುದು ಮುಖ್ಯವಾಗಿ ಬೆಳೆಯುತ್ತಿರುವ ಮೆದುಳಿನ ಮೇಲೆ. ರಕ್ತದಲ್ಲಿ ಸೀಸದ ಸುರಕ್ಷಿತ ಮಟ್ಟವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಹಲ್ಲು ಮೂಡುವ ವಯಸ್ಸಿನ ಮಗು ತೊಟ್ಟಿಲಿನ ಅಂಚನ್ನು ಕಚ್ಚದೇ ಬಿಡುವುದಿಲ್ಲ ಎಂಬುದನ್ನು ಯಾವ ತಾಯಿಯೂ ಬಲ್ಲಳು.

ಈ ವಿಷಯದಲ್ಲಿ ದೇಶವನ್ನು ಎಚ್ಚರಿಸಿದ ಕೆಲಸ ನಡೆದದ್ದು ಬೆಂಗಳೂರಿನಿಂದಲೇ ಎಂಬುದು ಗಮನಾರ್ಹ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಪ್ರತಿಷ್ಠಾನವು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರ ಸಹಯೋಗದಲ್ಲಿ ಹಲವು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೀಸದ ಪ್ರಮಾಣ ಅಂದಿನ ಅಪಾಯದ ಗೆರೆಯಾಗಿದ್ದ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮಟ್ಟವನ್ನು ಮೀರಿತ್ತು. ಇದಕ್ಕೆ ವಾಹನದ ಇಂಧನವೂ ಸೇರಿದಂತೆ ಅನೇಕ ಕಾರಣಗಳಿದ್ದವು. ಸೀಸರಹಿತ ಪೆಟ್ರೋಲ್ 2000ದಲ್ಲಿ ದೇಶದಾದ್ಯಂತ ಬಂದಿತು. ಬಣ್ಣಕ್ಕೆ ಕಡ್ಡಾಯ ನಿಯಮ ಬರಲು 2016ರವರೆಗೆ ಕಾಯಬೇಕಾಯಿತು.

ಕೇಂದ್ರ ಸರ್ಕಾರ 2016ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು, ಅಂದರೆ ಕಿಲೋಗ್ರಾಂಗೆ 90 ಮಿಲಿಗ್ರಾಂ ಅನ್ನು ಮೀರುವಂತಿಲ್ಲ. ಈ ಮಿತಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಮಿತಿಯೊಳಗಿದೆ ಎಂಬ ಘೋಷಣೆ ಡಬ್ಬಿಯ ಮೇಲೆ ಮುದ್ರಿತವಾಗಿರಬೇಕು. ನಿಷೇಧವು ತಯಾರಿಕೆಗಷ್ಟೇ ಅಲ್ಲ, ಮಾರಾಟಕ್ಕೂ ಅನ್ವಯಿಸುತ್ತದೆ ಎಂಬುದನ್ನು ಬಣ್ಣದ ವರ್ತಕರು ಮನಗಾಣಬೇಕು. ಘೋಷಣೆಯಿಲ್ಲದ ಅಗ್ಗದ ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವುದು ಲಾಭವಲ್ಲ, ಹೊರೆ.

ಆದರೆ ನಿಯಮ ಹೊಸ ಡಬ್ಬಿಗೆ ಮಾತ್ರ ಅನ್ವಯಿಸುತ್ತದೆ. 1970ರ ದಶಕದಲ್ಲಿ ಹಸಿರು ಎನಾಮೆಲ್ ಬಳಿದ ತೊಟ್ಟಿಲಿಗೆ ಅದು ತಲುಪುವುದಿಲ್ಲ. ಅಲ್ಲಿ ಬಡಗಿಯ ವಿವೇಕವೇ ಕಾನೂನು.

ಉಜ್ಜುವ ಮುನ್ನ ಯೋಚನೆ

ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಒಣದಾಗಿ ಉಜ್ಜುವುದೇ ಅತ್ಯಂತ ಅಪಾಯಕಾರಿ. ನಿರುಪದ್ರವಿಯಾಗಿ ಅಂಟಿಕೊಂಡಿದ್ದ ಸೀಸ ನುಣ್ಣನೆಯ ಧೂಳಾಗಿ ಮನೆಯೆಲ್ಲ ಹರಡುತ್ತದೆ. ಬೆಂಕಿಯ ಜ್ವಾಲೆ ತಾಗಿಸಿ ಬಣ್ಣ ಕೀಳುವ ಹಳೆಯ ರೂಢಿ ಇನ್ನೂ ಕೆಟ್ಟದ್ದು, ಏಕೆಂದರೆ ಸೀಸ ಆವಿಯಾಗಿ ಕೆಲಸಗಾರನ ಶ್ವಾಸಕೋಶವನ್ನೇ ಸೇರುತ್ತದೆ. ಸಂದೇಹವಿದ್ದರೆ ಬಣ್ಣದ ಚೂರೊಂದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಕೆರೆಯಲೇಬೇಕಾದರೆ ನೀರು ಹಾಯಿಸಿ ಒದ್ದೆಯಾಗಿ ಉಜ್ಜಬೇಕು ಅಥವಾ ಬಣ್ಣ ಕೀಳುವ ದ್ರಾವಣ ಬಳಸಬೇಕು. ಕೆಲಸ ಮನೆಯ ಹೊರಗೆ ನಡೆಯಬೇಕು. ಬಾಣಂತಿಯೂ ಮಕ್ಕಳೂ ಹತ್ತಿರ ಸುಳಿಯಬಾರದು. ಕೆರೆದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು. ಮರ ಪೂರ್ತಿ ಒಣಗಿದ ಬಳಿಕವೇ ಹೊಸ ಲೇಪ ಹಚ್ಚಬೇಕು.

ಹೊಸ ಲೇಪಕ್ಕೆ ದೂರ ಹೋಗಬೇಕಾಗಿಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರದ ಗೊಂಬೆಗಳಿಗೆ ಅರಗಿನ ಬಣ್ಣ ಹಿಡಿಸಿ ಕೇದಗೆಯ ಗರಿಯಿಂದ ಹೊಳಪು ಕೊಡುವ ವಿಧಾನ ಪ್ರಸಿದ್ಧವೇ ಆಗಿದೆ. ಬೀಟೆ, ತೇಗಗಳಿಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಇಂದಿಗೂ ಒಪ್ಪುತ್ತದೆ. ಮೆಲಮೈನ್, ಪಿ.ಯು. ಲೇಪಗಳು ಹೆಚ್ಚು ಗಟ್ಟಿಯಾದರೂ ಅವುಗಳ ವಾಸನೆ ಪೂರ್ಣವಾಗಿ ಹೋಗುವವರೆಗೆ ಮಗುವನ್ನು ಆ ಕೋಣೆಯಲ್ಲಿ ಮಲಗಿಸಬಾರದು. ನಾಮಕರಣದ ಹಿಂದಿನ ರಾತ್ರಿ ಬಳಿದುಕೊಡುವ ಒಪ್ಪಂದವನ್ನು ಜವಾಬ್ದಾರಿಯುತ ವ್ಯಾಪಾರಿ ನಿರಾಕರಿಸುವುದೇ ಲೇಸು.

ಹೊಳಪಿನಷ್ಟೇ ಅಳತೆಯೂ ಮುಖ್ಯ. ತೊಟ್ಟಿಲಿನ ಕಂಬಿಗಳ ನಡುವಿನ ಅಂತರ ಹೆಚ್ಚಾದರೆ ಮಗುವಿನ ದೇಹ ತೂರಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಅಮೆರಿಕದಲ್ಲಿ ಈ ಅಂತರಕ್ಕೆ ಸುಮಾರು 60 ಮಿಲಿಮೀಟರ್ ಮಿತಿಯಿದೆ. ಸರಪಳಿ, ಕೊಕ್ಕೆಗಳ ಸವೆತವನ್ನು ನೋಡಬೇಕು. ಖಾನೆಗಳುಳ್ಳ ಎತ್ತರದ ಬೀರುವನ್ನು ಗೋಡೆಗೆ ಬಿಗಿಯಬೇಕು.

ಕೆಲವೊಮ್ಮೆ ಏನನ್ನೂ ಬಳಿಯದಿರುವುದೇ ಸರಿಯಾದ ಕೆಲಸ. ಧಾರವಾಡ ಜಿಲ್ಲೆಯ ಕಲಘಟಗಿಯ ಚಿತ್ತಾರದ ತೊಟ್ಟಿಲುಗಳಿಗೆ ಬೆಲೆ ಇರುವುದೇ ಅವುಗಳ ಮೇಲಿನ ಪುರಾಣಕಥೆಗಳ ಚಿತ್ರಗಳಿಂದ. 2019ರಲ್ಲಿ ನಟ ಯಶ್ ಅವರ ಮಗಳಿಗೆ ದಿವಂಗತ ಅಂಬರೀಶ್ ಅವರ ಉಡುಗೊರೆಯಾಗಿ ಬಂದ ಕಲಘಟಗಿಯ ತೊಟ್ಟಿಲು ಈ ಕಲೆಗೆ ನಾಡಿನಾದ್ಯಂತ ಪ್ರಚಾರ ತಂದಿತು. ಇಂತಹ ಹಳೆಯ ತೊಟ್ಟಿಲಿಗೆ ಹೊಸ ಎನಾಮೆಲ್ ಬಳಿದರೆ ಒಡೆಯನ ಆಸ್ತಿಯನ್ನೇ ಅಳಿಸಿದಂತೆ. ಅದನ್ನು ಮೂಲ ಕಸುಬುದಾರರ ಬಳಿಗೆ ಕಳುಹಿಸುವುದು ಉಚಿತ.

ತೆರಿಗೆಯ ಲೆಕ್ಕ

ಗ್ರಾಹಕರದೇ ತೊಟ್ಟಿಲಿಗೆ ಪಾಲಿಶ್ ಮಾಡಿಕೊಟ್ಟರೆ ಅದು ಸೇವೆ. ಹಳೆಯ ಬೀರು ಕೊಂಡು, ಹೊಳಪಿಸಿ ಮಾರಿದರೆ ಅದು ಸರಕಿನ ಮಾರಾಟ. ಸರಕನ್ನಷ್ಟೇ ಮಾರುವವರಿಗೆ ಕರ್ನಾಟಕದಲ್ಲಿ ಜಿ.ಎಸ್.ಟಿ. ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿ. ಸೇವೆಯೂ ಸೇರಿದರೆ ಒಟ್ಟು ವಹಿವಾಟಿಗೆ 20 ಲಕ್ಷದ ಮಿತಿ ಅನ್ವಯಿಸುತ್ತದೆ. ಎರಡನ್ನೂ ನಡೆಸುವ ಅನೇಕರು ಅರಿವಿಲ್ಲದೆ ಈ ಗೆರೆಯನ್ನು ದಾಟಿರುತ್ತಾರೆ.

ಬಳಸಿದ ಸರಕಿನ ವ್ಯಾಪಾರಿಗಳಿಗೆ ಕೇಂದ್ರ ಜಿ.ಎಸ್.ಟಿ. ನಿಯಮಗಳ 32(5)ನೇ ನಿಯಮ ಒಂದು ಅನುಕೂಲ ನೀಡಿದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಮಾರಾಟದ ಬೆಲೆ ಮತ್ತು ಖರೀದಿಯ ಬೆಲೆಗಳ ಅಂತರದ ಮೇಲಷ್ಟೇ ತೆರಿಗೆ ಕಟ್ಟಬಹುದು. ಇಲ್ಲಿಯೇ ತಪ್ಪು ನುಸುಳುವುದು. ಉದಾಹರಣೆಗೆ, ಒಂದು ಮರದ ಬೀರುವನ್ನು 6,000 ರೂಪಾಯಿಗೆ ಕೊಂಡು, ಸಾಮಗ್ರಿ ಮತ್ತು ಕೂಲಿಗೆ 5,000 ವೆಚ್ಚ ಮಾಡಿ, ತೆರಿಗೆ ಹೊರತಾಗಿ 15,000ಕ್ಕೆ ಮಾರಲಾಯಿತು ಎಂದುಕೊಳ್ಳೋಣ. ವ್ಯಾಪಾರಿಯ ಲಾಭ 4,000. ಆದರೆ ತೆರಿಗೆ ಬೀಳುವುದು ಲಾಭದ ಮೇಲಲ್ಲ, 9,000 ರೂಪಾಯಿ ಅಂತರದ ಮೇಲೆ. 18 ಶೇಕಡಾ ದರದಲ್ಲಿ ಅದು 1,620 ರೂಪಾಯಿ. ಲಾಭವನ್ನೇ ಅಂತರವೆಂದು ಭಾವಿಸಿ 720 ಕಟ್ಟಿದವರು ಉಳಿದ 900ನ್ನು ಬಡ್ಡಿ ಸಮೇತ ತೆರಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ: ಸರಕಿನ ಸ್ವರೂಪ ಬದಲಾಗದಂತಹ ಅಲ್ಪ ಸಂಸ್ಕರಣೆಗೆ ಮಾತ್ರ ಈ ಅನುಕೂಲ. ಬೀರು ಬೀರುವಾಗಿಯೇ ಉಳಿಯಬೇಕು. ಹಳೆಯ ಮಂಚವನ್ನು ಕತ್ತರಿಸಿ ಮಗುವಿನ ಪುಸ್ತಕದ ಕಪಾಟು ಮಾಡಿದರೆ ಪೂರ್ಣ ಬೆಲೆಯ ಮೇಲೆ ತೆರಿಗೆ ತಗಲುತ್ತದೆ. ಪೂರ್ತಿಯಾಗಿ ಬಿದಿರು ಅಥವಾ ಬೆತ್ತದಿಂದ ಮಾಡಿದ ಪೀಠೋಪಕರಣದ ದರ 2025ರ ಸೆಪ್ಟೆಂಬರ್ 22ರಿಂದ 12 ಶೇಕಡಾದಿಂದ 5 ಶೇಕಡಾಕ್ಕೆ ಇಳಿದಿರುವುದನ್ನು ಬೆತ್ತದ ತೊಟ್ಟಿಲಿನ ತಯಾರಕರು ಗಮನಿಸಬೇಕು. ಮನೆಗಳಿಂದ ಹಳೆಯ ಸಾಮಾನು ಕೊಳ್ಳುವಾಗ ಮಾರಿದವರ ಹೆಸರು, ವಿಳಾಸ, ಸಹಿಯುಳ್ಳ ರಸೀದಿಯನ್ನೂ ಸರಕಿನ ಛಾಯಾಚಿತ್ರವನ್ನೂ ಕಡತದಲ್ಲಿಡಬೇಕು. ಖರೀದಿಯ ಬೆಲೆಗೆ ದಾಖಲೆ ಇಲ್ಲದಿದ್ದರೆ ಅಂತರದ ಲೆಕ್ಕ ಅಧಿಕಾರಿಯ ಮುಂದೆ ನಿಲ್ಲದು.

ಹೊಣೆ ಯಾರದು?

2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ, 2019 ಉತ್ಪನ್ನ ಹೊಣೆಗಾರಿಕೆಯನ್ನು ತಯಾರಕರಿಗಷ್ಟೇ ಸೀಮಿತಗೊಳಿಸಿಲ್ಲ. ವ್ಯಾಪಾರಿಯು ಉತ್ಪನ್ನವನ್ನು ಮಾರ್ಪಡಿಸಿದ್ದು, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾಗಿದ್ದರೆ ಅವನೂ ಹೊಣೆಗಾರ. ಸೇವೆ ನೀಡಿದವನು ಅಗತ್ಯವಾದ ಸೂಚನೆ, ಎಚ್ಚರಿಕೆಗಳನ್ನು ಕೊಡದಿದ್ದರೂ ಹೊಣೆಗಾರ. ಆದ್ದರಿಂದ ಬಳಸಿದ ಬಣ್ಣದ ಹೆಸರು, ಡಬ್ಬಿಯ ತಂಡ ಸಂಖ್ಯೆ, ಲೇಪ ಮುಗಿದ ದಿನಾಂಕ, ಇಷ್ಟು ದಿನ ಗಾಳಿಗೆ ಬಿಡಬೇಕೆಂಬ ಸೂಚನೆ, ಇವಿಷ್ಟನ್ನು ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಸಾಲಿನಲ್ಲಿ ಬರೆದುಕೊಟ್ಟರೆ ಅದೇ ವ್ಯಾಪಾರಿಗೆ ರಕ್ಷೆ. ಅದೇ ಅವನಿಗೆ ಜಾಹೀರಾತೂ ಹೌದು. ಹಳೆಯ ಬಣ್ಣವನ್ನು ಪರೀಕ್ಷಿಸಿದ ವರದಿಯನ್ನೂ ಲಗತ್ತಿಸಿದ ಅಂಗಡಿಗೆ ಪಕ್ಕದ ಮನೆಯ ಬಾಣಂತನದ ಕೆಲಸವೂ ಬರುತ್ತದೆ.

ತೊಟ್ಟಿಲು ಒಂದು ತಲೆಮಾರಿಗೆ ಮುಗಿಯುವ ಸಾಮಾನಲ್ಲ. ಒಮ್ಮೆ ಸರಿಯಾಗಿ ಮಾಡಿಕೊಟ್ಟ ಕೆಲಸ ಅಟ್ಟ ಸೇರಿ, ಕಾಲ ಕಳೆದ ಮೇಲೆ ಮತ್ತೊಂದು ಕೂಸಿಗಾಗಿ ಅದೇ ಅಂಗಡಿಗೆ ಮರಳಿ ಬರುತ್ತದೆ. ಆಗ ಬಿಲ್ಲಿನ ಹಿಂಬದಿಯ ನಾಲ್ಕು ಸಾಲನ್ನು ಓದುವವರು ಈ ಮಗುವಿನ ಮಕ್ಕಳಾಗಿರಬಹುದು.