ಎಚ್‌ಐವಿ ಇಳಿದದ ಅಂತ ಹೆಂಗ ಹೇಳೋದು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಕೇಳೋರಿಗೆ ಇದು ನಮ್ಮ ಬೆಳಗಾವಿ ಜಿಲ್ಲೆಯದೇ ಮಾತು.

2003ರಲ್ಲಿ ಗೇಟ್ಸ್ ಫೌಂಡೇಶನ್ ನೆರವಿನ ‘ಆವಾಹನ್’ ಯೋಜನೆ ಶುರುವಾಯಿತು. ಇಲ್ಲಿನ ಲೈಂಗಿಕ ಕಾರ್ಯಕರ್ತೆಯರಿಗೆ ‘ದಂಧೆ ಬಿಡ್ರಿ’ ಅಂತ ಉಪದೇಶ ಮಾಡೋದಲ್ಲ, ಅವರಲ್ಲೇ ಕೆಲವರ ಮೂಲಕ ಕಾಂಡೋಮ್, ತಪಾಸಣೆ, ಚಿಕಿತ್ಸೆ ತಲುಪಿಸೋದು ಅದರ ದಾರಿ. ಇದನ್ನೇ ಹಾನಿ ತಗ್ಗಿಸೋದು ಅಂತಾರ.

ಉಪಯೋಗ ಆತೇನು? ಬೆಳಗಾವಿ ಸೇರಿ ರಾಜ್ಯದ 5 ಜಿಲ್ಲೆಗಳಲ್ಲಿ 2004–06ರಲ್ಲೊಮ್ಮೆ, ಎರಡೂವರೆ-ಮೂರು ವರ್ಷದ ನಂತರ ಮತ್ತೊಮ್ಮೆ ಸಮೀಕ್ಷೆ ನಡೆಯಿತು. ಈ ಮಹಿಳೆಯರಲ್ಲಿ ಎಚ್‌ಐವಿ ಇದ್ದವರ ಪ್ರಮಾಣ ಶೇ 19.6ರಿಂದ 16.4ಕ್ಕೆ ಇಳಿದಿತ್ತು.

ಆದ್ರ ನಾನು ಇಷ್ಟಕ್ಕೇ ಖುಷಿಪಡೂದಿಲ್ಲ. ಯಾಕಂದ್ರ ಸೋಂಕಿತರು ತೀರಿಕೊಂಡ್ರೂ ಈ ಅಂಕಿ ಇಳೀತದ. ಎಆರ್‌ಟಿ ಮಾತ್ರೆ ತಗೊಂಡು ಹೆಚ್ಚು ದಿನ ಬದುಕಿದ್ರ ಏರತದ! ಅದಕ್ಕ ಸಿಫಿಲಿಸ್ ಕಡೆಗೂ ನೋಡಬೇಕು. ಅದು ಔಷಧಕ್ಕೆ ವಾಸಿಯಾಗುವ ರೋಗ, ಹೀಗಾಗಿ ಸದ್ಯದ ಪರಿಸ್ಥಿತಿ ಬೇಗ ತೋರಿಸ್ತದ. ಸಕ್ರಿಯ ಸಿಫಿಲಿಸ್ ಶೇ 5.9ರಿಂದ 3.4ಕ್ಕೆ ಇಳಿದಿತ್ತು.

ಯೋಜನೆ ಇಲ್ಲದ ಜಿಲ್ಲೆ ಹೋಲಿಕೆಗೆ ಇರಲಿಲ್ಲ, ಹಂಗಾಗಿ ಇದು ಪೂರ್ತಿ ಪುರಾವೆ ಅಲ್ಲ. ಆದ್ರ ಎರಡೂ ಒಟ್ಟಿಗೆ ಇಳಿದದ್ದು ಗಟ್ಟಿ ಸುಳಿವು.

ನಿಮಗೂ ಸಂಶಯ ಇದ್ರ 1097ಕ್ಕೆ ಫೋನ್ ಮಾಡ್ರಿ. ಕರೆ ಉಚಿತ.